ಹಗಲು ಕೋರ್ಟು, ರಾತ್ರಿ ಪಠಾಣ

ಅಚ್ಯುತಾಪುರಂನಲ್ಲಿ ‘ನಮ್ಮದು ಬಳ್ಳಾರಿ ಕಡೆ’ ಎಂದರೆ ಮುಂದಿನ ಪ್ರಶ್ನೆ ಗಣಿಯ ಬಗ್ಗೆ ಇರುತ್ತದೆ. ಅದಿಲ್ಲದಿದ್ದರೆ ಬಿಸಿಲಿನ ಬಗ್ಗೆ. ಇಲ್ಲಿಯ ಎಸ್‌ಇಝಡ್‌ನ ಔಷಧ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಕಂಟ್ರೋಲ್ ಕೆಲಸಕ್ಕೆ ಬಂದು ಆರು ವರ್ಷವಾಯಿತು, ಎರಡೂ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠವಾಗಿದೆ. ಮೂರನೆಯ ಪ್ರಶ್ನೆ ಕೇಳಿದವರು ಒಬ್ಬರೇ. ಯಲಮಂಚಿಲಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕರು, ನಿವೃತ್ತ ತೆಲುಗು ಮೇಷ್ಟ್ರು. ಬೀದಿಯವರೆಲ್ಲ ಅವರನ್ನು ‘ಮಾಸ್ಟಾರು’ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅಡ್ವಾನ್ಸಿನ ದುಡ್ಡು ಎರಡು ಸಲ ಎಣಿಸಿ ಜೇಬಿಗಿಟ್ಟುಕೊಂಡವರು ಊರು ಯಾವುದೆಂದು ಕೇಳಿದರು. ಸಿರುಗುಪ್ಪ ಎಂದರೆ ಇಲ್ಲಿ ಯಾರಿಗೂ ತಿಳಿಯದು, ಹಾಗಾಗಿ ಬಳ್ಳಾರಿ ಎಂದೆ. ‘ಓಹೋ, ರಾಘವಗಾರ ಊರಾ?’ ಎಂದು ಕುರ್ಚಿ ಎಳೆದು ಕೂರಿಸಿದರು. ಕಾಫಿ ಬರುವಷ್ಟರಲ್ಲಿ ನಮ್ಮಿಬ್ಬರ ಜಗಳ ಶುರುವಾಗಿತ್ತು. ಅದು ಇನ್ನೂ ಮುಗಿದಿಲ್ಲ.

ಜಗಳ ಇಷ್ಟೇ: ಬಳ್ಳಾರಿ ರಾಘವ ಯಾರವರು? ಮಾಸ್ಟಾರರ ವಾದ ಸರಳ. ಹುಟ್ಟಿದ್ದು ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿ, ಮನೆಮಾತು ತೆಲುಗು, ಹೆಸರು ಮಾಡಿದ್ದು ತೆಲುಗು ರಂಗಭೂಮಿಯಲ್ಲಿ. ಆದ್ದರಿಂದ ಅವರು ಆಂಧ್ರದವರು, ಹೆಸರಿನ ಹಿಂದಿರುವ ‘ಬಳ್ಳಾರಿ’ ಬರೀ ವಿಳಾಸ. ನನ್ನ ವಾದವೂ ಸರಳವೇ. ಓದಿದ್ದು, ವಕೀಲಿ ಮಾಡಿದ್ದು, ಬಣ್ಣ ಹಚ್ಚಿದ್ದು, ತಂಡ ಕಟ್ಟಿದ್ದು ಬಳ್ಳಾರಿಯಲ್ಲಿ. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಆಡಿದವರು. ಇವತ್ತಿಗೂ ಬಳ್ಳಾರಿಯಲ್ಲಿ ನಾಟಕ ನೋಡಬೇಕೆಂದರೆ ಜನ ಹೋಗುವುದು ರಾಘವ ಕಲಾಮಂದಿರಕ್ಕೆ.

ಇಬ್ಬರ ವಾದಕ್ಕೂ ಪೆಟ್ಟು ಕೊಡುವ ಒಂದು ಸಂಗತಿ ಆಮೇಲೆ ಸಿಕ್ಕಿತು. ರಾಘವ ಹುಟ್ಟಿದ್ದು 1880ರ ಆಗಸ್ಟ್ 2ರಂದು. ಅನಂತಪುರ ಜಿಲ್ಲೆ ಹುಟ್ಟಿದ್ದು 1882ರಲ್ಲಿ, ಬಳ್ಳಾರಿ ಜಿಲ್ಲೆಯನ್ನು ಒಡೆದು. ಅಂದರೆ ಅವರು ಹುಟ್ಟಿದ ದಿನ ತಾಡಪತ್ರಿ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅವರು ಊರು ಬದಲಿಸುವ ಮೊದಲೇ ಗಡಿ ಅವರನ್ನು ದಾಟಿ ಹೋಗಿತ್ತು. ಮುಂದೆ 1953ರಲ್ಲಿ ಮದ್ರಾಸಿನಿಂದ ಆಂಧ್ರ ಬೇರೆಯಾದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ, ನಮ್ಮ ಸಿರುಗುಪ್ಪ ಮತ್ತು ಉಳಿದ ತಾಲ್ಲೂಕುಗಳು ಮೈಸೂರಿನ ಕಡೆಗೆ. ಬಳ್ಳಾರಿ ತಾಲ್ಲೂಕು ಯಾರಿಗೆ ಎಂದು ತೀರ್ಮಾನಿಸಲು ಮಿಶ್ರಾ ಆಯೋಗವೇ ಬರಬೇಕಾಯಿತು. ರಾಘವ 1946ರ ಏಪ್ರಿಲ್ 16ರಂದು ತೀರಿಕೊಂಡಿದ್ದರು. ತಾವು ಯಾವ ರಾಜ್ಯದ ನಟ ಎಂದು ಹೇಳುವ ಸಂದರ್ಭವೇ ಅವರಿಗೆ ಬರಲಿಲ್ಲ. ಇದನ್ನು ಮಾಸ್ಟಾರರಿಗೆ ಹೇಳಿದೆ. ‘ಹಾಗಾದರೆ ಬ್ರಿಟಿಷರವರು ಅನ್ನೋಣವಾ?’ ಎಂದು ನಕ್ಕರು, ಸೋಲು ಮಾತ್ರ ಒಪ್ಪಲಿಲ್ಲ.

ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ನಟನಾಗಬೇಕೆಂದು ಹೊರಟವರ ಕಥೆಗಳಲ್ಲಿ ಒಂದು ರೈಲು ಇರುತ್ತದೆ. ಹುಡುಗ ಮನೆಯಲ್ಲಿ ಹೇಳದೆ ಕೇಳದೆ ಓಡಿಹೋಗುತ್ತಾನೆ. ಬಿ.ವಿ. ಕಾರಂತರು ಹಾಗೆ ಹೋಗಿಯೇ ಗುಬ್ಬಿ ಕಂಪನಿ ಸೇರಿದರು. ಇಲ್ಲವೇ ಡಾ. ರಾಜ್ ಅವರ ಹಾಗೆ ಅಪ್ಪನ ಬೆನ್ನ ಹಿಂದೆಯೇ ಕಂಪನಿಗೆ ಹೋಗಿ, ಅಲ್ಲೇ ಉಂಡು, ಅಲ್ಲೇ ಮಲಗಿ ಬೆಳೆಯುತ್ತಾನೆ. ರಾಘವರ ಕಥೆಯಲ್ಲಿ ಈ ಎರಡೂ ಇಲ್ಲ. ತಾಡಪತ್ರಿಯಿಂದ ಗುತ್ತಿ, ಗುಂತಕಲ್ಲು ದಾಟಿದರೆ ಬಳ್ಳಾರಿ, ಅಷ್ಟೇ ದೂರ. ಮದ್ರಾಸಿಗೆ ಹೋದದ್ದು ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಲು, ಆಮೇಲೆ ಕಾನೂನು ಕಲಿಯಲು. ಅಲ್ಲೇ ನಿಂತುಬಿಡಬಹುದಿತ್ತು, ನಿಲ್ಲಲಿಲ್ಲ. ವಾಪಸು ಬಂದು ಬಳ್ಳಾರಿಯಲ್ಲಿ ಕರಿಕೋಟು ತೊಟ್ಟರು. ಸರ್ಕಾರಿ ವಕೀಲರೂ ಆದರು. ನಾಟಕದಿಂದ ಹೊಟ್ಟೆ ಹೊರೆಯಬೇಕಾದ ಸ್ಥಿತಿ ಅವರಿಗೆ ಬರಲಿಲ್ಲ.

ಹಾಗಾದರೆ ಅವರನ್ನು ಹವ್ಯಾಸಿ ಎನ್ನಬೇಕೇ? ಆ ಮಾತನ್ನು ನಾವು ಈಗ ಸ್ವಲ್ಪ ರಿಯಾಯಿತಿಯ ಧ್ವನಿಯಲ್ಲಿ ಬಳಸುತ್ತೇವೆ. ಭಾನುವಾರದ ನಟ, ಆಫೀಸಿನ ವಾರ್ಷಿಕೋತ್ಸವದ ನಟ ಎಂಬ ಅರ್ಥದಲ್ಲಿ. ಬಳ್ಳಾರಿಯಲ್ಲಿ ಆ ಮಾತಿನ ತೂಕ ಬೇರೆ ಇತ್ತು. ಅದಕ್ಕೆ ಕಾರಣ ರಾಘವ ಒಬ್ಬರೇ ಅಲ್ಲ, ಆ ಊರು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಬಳ್ಳಾರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಟ್ಟದ ಮೇಲೆ ಕೋಟೆ, ಕೆಳಗೆ ಸೈನ್ಯದ ದಂಡು, ಜಿಲ್ಲಾ ಕೋರ್ಟು, ರೈಲು. ಕನ್ನಡ, ತೆಲುಗು, ಉರ್ದು, ಮರಾಠಿ, ತಮಿಳು, ಇಂಗ್ಲಿಷ್ ಎಲ್ಲವೂ ಒಂದೇ ಬಜಾರಿನಲ್ಲಿ. ಆ ಊರಲ್ಲಿ ಇಬ್ಬರು ವಕೀಲರು. ಒಬ್ಬರು ಧರ್ಮವರಂ ರಾಮಕೃಷ್ಣಮಾಚಾರ್ಯರು, ಇನ್ನೊಬ್ಬರು ಕೋಲಾಚಲಂ ಶ್ರೀನಿವಾಸರಾಯರು. ಧರ್ಮವರಂ ಅವರದು ‘ಸರಸ ವಿನೋದಿನಿ ಸಭಾ’, ಕೋಲಾಚಲಂ ಅವರದು ‘ಸುಮನೋರಮ ಸಭಾ’. ಇಬ್ಬರೂ ನಾಟಕ ಬರೆಯುತ್ತಿದ್ದರು, ಆಡಿಸುತ್ತಿದ್ದರು. ಒಬ್ಬರು ಪುರಾಣದ ಕಡೆ ವಾಲಿದರೆ ಇನ್ನೊಬ್ಬರು ಇತಿಹಾಸದ ಕಡೆ. ಧರ್ಮವರಂ ಅವರ ‘ಚಿತ್ರನಳೀಯಂ’ ತೆಲುಗಿನ ಆಧುನಿಕ ನಾಟಕಕ್ಕೆ ದಾರಿ ತೆರೆಯಿತು ಎನ್ನುತ್ತಾರೆ. ತೆಲುಗಿನವರು ಅವರನ್ನು ‘ಆಂಧ್ರ ನಾಟಕ ಪಿತಾಮಹ’ ಎಂದೇ ಕರೆಯುವುದು. ಆ ಪಿತಾಮಹರು ಪ್ರಾಕ್ಟೀಸ್ ಮಾಡುತ್ತಿದ್ದದ್ದು ಇವತ್ತಿನ ಕರ್ನಾಟಕದ ಜಿಲ್ಲಾ ಕೇಂದ್ರವೊಂದರಲ್ಲಿ ಎಂಬುದನ್ನು ಮಾಸ್ಟಾರರಿಗೆ ಆಗಾಗ ನೆನಪಿಸುತ್ತಿರುತ್ತೇನೆ. ಕೋಲಾಚಲಂ ಅವರಂತೂ ಜಗತ್ತಿನ ನಾಟಕ ಚರಿತ್ರೆಯ ಬಗ್ಗೆಯೇ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದವರು. ಒಂದು ಊರು, ಎರಡು ಸಭಾ, ನಡುವೆ ಪೈಪೋಟಿ. ನಟನಾಗಬೇಕೆನ್ನುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಎಲ್ಲಿದೆ?

ಧರ್ಮವರಂ ಅವರು ರಾಘವರಿಗೆ ಸೋದರಮಾವ. ಹಾಗಾಗಿ ನಾಟಕ ಮನೆಯೊಳಗೇ ಇತ್ತು, ಊಟದ ಎಲೆಯ ಮುಂದೆಯೂ ಇದ್ದಿರಬೇಕು. ಆದರೆ ಹುಡುಗ ಮಾವನ ನೆರಳಲ್ಲೇ ಕೂರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗೆಳೆಯರನ್ನು ಕಟ್ಟಿಕೊಂಡು ‘ಶೇಕ್ಸ್‌ಪಿಯರ್ ಕ್ಲಬ್’ ಶುರು ಮಾಡಿದ. ಮುಂದೆ ಕೋಲಾಚಲಂ ಅವರ ನಾಟಕಗಳಲ್ಲೂ ಆಡಿದ. ಮಾವನ ಎದುರಾಳಿಯ ನಾಟಕದಲ್ಲಿ! ಇದಕ್ಕೆ ಹಬ್ಬದ ದಿನ ಮನೆಯಲ್ಲಿ ಏನೇನು ಮಾತು ಬಂದಿರಬಹುದು ಎಂದು ಯೋಚಿಸಿದಾಗಲೆಲ್ಲ ನನಗೆ ನಗು ಬರುತ್ತದೆ.

ಅವರಿಗೆ ದೊಡ್ಡ ಹೆಸರು ತಂದ ಪಾತ್ರಗಳಲ್ಲೊಂದು ಕೋಲಾಚಲಂ ಅವರ ‘ರಾಮರಾಜು ಚರಿತ್ರ’ದ ಪಠಾಣ ರುಸ್ತುಂ. ನಾಟಕದ ವಸ್ತು ವಿಜಯನಗರದ ಪತನ. ಬಳ್ಳಾರಿಯಿಂದ ಹಂಪಿ ಅರವತ್ತು ಕಿಲೋಮೀಟರ್ ಆಚೆ. ನೋಡಲು ಬಂದವರೆಲ್ಲ ಎದೆಯೊಳಗೆ ವಿಜಯನಗರದವರೇ. ಪಠಾಣ ಎದುರು ಪಕ್ಷದವನು. ಆದರೂ ಜನ ತಲೆಮಾರುಗಟ್ಟಲೆ ಮಾತಾಡಿಕೊಂಡದ್ದು ರಾಘವರ ಪಠಾಣನ ಬಗ್ಗೆ. ಈ ಸಂಗತಿಯನ್ನು ನಾನು ಮೊದಲು ಲಘುವಾಗಿ ಓದಿಕೊಂಡು ಹೋಗಿದ್ದೆ. ಈಗ ಇದೇ ನನಗೆ ಬಹಳ ಬೇಕಾದ ಸಂಗತಿಯಾಗಿದೆ. ಯಾಕೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಆ ಕಾಲದ ತೆಲುಗು ಪದ್ಯನಾಟಕ ಎಂದರೆ ಪದ್ಯ, ಪದ್ಯದ ಕೊನೆಗೆ ಉದ್ದನೆಯ ರಾಗ, ರಾಗದ ಕೊನೆಗೆ ‘ಒನ್ಸ್ ಮೋರ್’. ನಮ್ಮ ಕಂಪನಿ ನಾಟಕಗಳಲ್ಲೂ ಇದೇ ಕತೆ. ಹರಿಶ್ಚಂದ್ರ ಹೆಂಡತಿಯನ್ನು ಹರಾಜಿಗಿಟ್ಟು ಅಳುತ್ತಾನೆ, ಜನ ಒನ್ಸ್ ಮೋರ್ ಎಂದರೆ ಕಣ್ಣೊರೆಸಿಕೊಂಡು ಮತ್ತೊಮ್ಮೆ ಹರಾಜಿಗಿಡುತ್ತಾನೆ. ನಾನು ಇದನ್ನು ಗೇಲಿ ಮಾಡುತ್ತಿಲ್ಲ. ಹಾರ್ಮೋನಿಯಂ ಜೊತೆಗೆ ಆ ಸ್ವರ ಮೇಲೇರಿದಾಗ ನನ್ನ ಮೈಯಲ್ಲೂ ಮುಳ್ಳು ಏಳುತ್ತದೆ. ಆದರೆ ರಾಘವ ಬೇರೆ ದಾರಿ ಹಿಡಿದರು. ರಾಗ ಎಳೆಯುವುದಕ್ಕಿಂತ ಮಾತು ಮುಖ್ಯ, ಮಾತಿಗಿಂತ ಭಾವ ಮುಖ್ಯ ಎಂದರು. ಇದರಲ್ಲಿ ಕೋರ್ಟಿನ ಪಾಲೂ ಇದೆ ಎಂಬುದು ನನ್ನ ಊಹೆ. ಹಗಲೆಲ್ಲ ಸಾಕ್ಷಿಗಳನ್ನು ಪಾಟೀಸವಾಲು ಮಾಡುವವನಿಗೆ ಮನುಷ್ಯ ಸುಳ್ಳು ಹೇಳುವ ಮೊದಲು ಎಲ್ಲಿ ತಡೆಯುತ್ತಾನೆ, ನಿಜ ಹೇಳುವಾಗ ಎಲ್ಲಿ ಧ್ವನಿ ಸೋಲುತ್ತದೆ ಎಂಬುದು ಗೊತ್ತಿರುತ್ತದೆ. ಕಟಕಟೆಯಲ್ಲಿ ನಿಂತು ಯಾರೂ ರಾಗ ಎಳೆಯುವುದಿಲ್ಲ.

ಹೆಂಗಸರ ಪಾತ್ರವನ್ನು ಹೆಂಗಸರೇ ಮಾಡಬೇಕು ಎಂಬುದು ಅವರ ಇನ್ನೊಂದು ಹಟ. ಗಂಡಸರ ಸ್ತ್ರೀಪಾತ್ರಕ್ಕೆ ಜನ ಮುಗಿಬೀಳುತ್ತಿದ್ದ ಕಾಲ ಅದು. ಓದಿದ, ಮರ್ಯಾದಸ್ಥರೆನಿಸಿಕೊಂಡ ಮನೆಗಳ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆದರು. ಕೊಮ್ಮೂರಿ ಪದ್ಮಾವತೀದೇವಿ ಅವರ ಜೊತೆ ಆಡಿದವರು. ಪಿ.ವಿ. ರಾಜಮನ್ನಾರ್ ಬರೆದ ‘ತಪ್ಪೆವರಿದಿ’ಯಂಥ ಸಾಮಾಜಿಕ ನಾಟಕವನ್ನು ರಾಘವ ಕೈಗೆತ್ತಿಕೊಂಡದ್ದೂ ಇದೇ ಹಟದ ಮುಂದುವರಿಕೆ. ರಾಜಮನ್ನಾರ್ ಕೂಡ ವಕೀಲರೇ. ಮುಂದೆ ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಸಂಗೀತ ನಾಟಕ ಅಕಾಡೆಮಿಯ ಮೊದಲ ಅಧ್ಯಕ್ಷ. ನೋಡಿ, ಮತ್ತೆ ಕರಿಕೋಟು.

ಈ ವಿಷಯ ಬಂದಾಗ ನನಗೆ ಸಿರುಗುಪ್ಪದ ನಮ್ಮ ಪಡಸಾಲೆ ನೆನಪಾಗುತ್ತದೆ. ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ವರ್ಷಕ್ಕೊಮ್ಮೆ ಜಾತ್ರೆಗೆ ಊರ ಹುಡುಗರು ಸಾಮಾಜಿಕ ನಾಟಕ ಹಾಕುತ್ತಿದ್ದರು, ಅಪ್ಪ ಅದರ ಲೆಕ್ಕಪತ್ರ ನೋಡುವ ಕಾರ್ಯದರ್ಶಿ ಮತ್ತು ಕಾಯಂ ಗೌಡನ ಪಾತ್ರಧಾರಿ. ಎರಡು ತಿಂಗಳು ಮೊದಲೇ ಹಾರ್ಮೋನಿಯಂ ಹೊತ್ತ ನಾಟಕದ ಮೇಷ್ಟ್ರು ಬಂದು ಊರಲ್ಲಿ ಇಳಿಯುತ್ತಿದ್ದರು. ಪಾತ್ರ ಬೇಕೆಂದವರು ಪಟ್ಟಿ ಕೊಡಬೇಕು. ಹೀರೋಗೆ ಹೆಚ್ಚು ಪಟ್ಟಿ, ವಿಲನ್‌ಗೆ ಅದಕ್ಕಿಂತ ಸ್ವಲ್ಪ ಕಡಿಮೆ, ಆಳುಮಗನಿಗೆ ಮಾಫಿ. ಹಳ್ಳಿಯ ನಟ ಹಣ ಪಡೆಯುವುದಿಲ್ಲ, ಕೊಡುತ್ತಾನೆ! ಆ ಪಟ್ಟಿಯ ದುಡ್ಡಲ್ಲಿ ದೊಡ್ಡ ಪಾಲು ಹೋಗುತ್ತಿದ್ದದ್ದು ನಟಿಯರ ಸಂಭಾವನೆಗೆ. ಬಳ್ಳಾರಿಯಿಂದಲೋ ಮರಿಯಮ್ಮನಹಳ್ಳಿಯಿಂದಲೋ ಇಬ್ಬರು ಮೂವರು ಕಲಾವಿದೆಯರು ನಾಟಕದ ದಿನ ಮಧ್ಯಾಹ್ನದ ಬಸ್ಸಿಗೆ ಬಂದಿಳಿಯುತ್ತಿದ್ದರು. ಬೆಳಗ್ಗೆ ಬೇರೊಂದು ಊರಲ್ಲಿ ಮುಖ ತೊಳೆದು ಬಂದವರು, ಕಿವಿಯ ಹಿಂದೆ ಇನ್ನೂ ಬಣ್ಣ. ನಮ್ಮ ನಾಟಕದ ಪುಸ್ತಕವನ್ನು ಒಮ್ಮೆ ತಿರುವಿ ಹಾಕಿ ರಾತ್ರಿ ರಂಗಕ್ಕೆ ಏರುತ್ತಿದ್ದರು. ಎರಡು ತಿಂಗಳು ತಾಲೀಮು ಮಾಡಿದ ನಮ್ಮ ಹೀರೋ ಮಾತು ಮರೆತು ನಿಂತರೆ, ಆತನ ಮಾತನ್ನೂ ಆಕೆಯೇ ಪ್ರಶ್ನೆಯ ರೂಪದಲ್ಲಿ ಹೇಳಿ ದಡ ಮುಟ್ಟಿಸುತ್ತಿದ್ದಳು.

ಅವರಿಗೆ ಊಟ ಎಲ್ಲಿ ಎಂಬುದು ಪ್ರತಿ ವರ್ಷದ ಸಮಸ್ಯೆ. ಚಪ್ಪಾಳೆ ತಟ್ಟುವ ಊರು ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಕಾರ್ಯದರ್ಶಿಯ ಮನೆ ಎಂಬ ನೆಪದಲ್ಲಿ ನಮ್ಮ ಪಡಸಾಲೆಯಲ್ಲಿ ಎಲೆ ಬೀಳುತ್ತಿತ್ತು. ಅವ್ವನಿಗೆ ನಾಟಕ ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಸುರಿದ ದುಡ್ಡಲ್ಲಿ ಎರಡು ಎಮ್ಮೆ ಬರುತ್ತಿತ್ತು ಎನ್ನುವುದು ಅವಳ ಲೆಕ್ಕ. ಆದರೆ ಊಟದ ವಿಷಯದಲ್ಲಿ ಅವಳದು ಒಂದೇ ಮಾತು: ‘ರಾತ್ರಿ ಎಲ್ಲಾ ಕುಣಿಯೋರು ಹಸ್ಕೊಂಡು ಕುಣೀಬೇಕೇನು?’ ರಾಘವರ ಹಟ ಗೆದ್ದಿತು, ಹೆಂಗಸರು ರಂಗಕ್ಕೆ ಬಂದರು. ಬಂದವರಿಗೆ ಮರ್ಯಾದೆ ಎಷ್ಟು ಸಿಕ್ಕಿತು ಎಂದು ಕೇಳಿದರೆ, ನಮ್ಮ ಬೀದಿಯ ಮಟ್ಟಿಗೆ, ಅವ್ವನ ಎಲೆಯಷ್ಟು.

ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುವಾಗ ಮೂರು ವರ್ಷ ನಾಟಕ ಆಡಿದೆ. ರಾಘವ ಕಲಾಮಂದಿರದ ರಂಗದ ಮೇಲೆ ಎರಡು ಸಲ ನಿಂತಿದ್ದೇನೆ. ಹೆಗ್ಗೋಡಿನ ನೀನಾಸಂಗೆ ಅರ್ಜಿ ತರಿಸಿಟ್ಟುಕೊಂಡಿದ್ದೆ. ಅದೇ ವರ್ಷ ಅಪ್ಪ ತೀರಿಕೊಂಡರು, ತಂಗಿಯ ಮದುವೆ ಎದುರಿಗಿತ್ತು. ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಇಲ್ಲಿಗೆ. ಇದರಲ್ಲಿ ಹೇಳಿಕೊಳ್ಳುವ ದುಃಖವೇನಿಲ್ಲ. ಈ ಪತ್ರಿಕೆ ಓದುವ ನಿಮ್ಮಲ್ಲಿ ಅರ್ಧ ಜನರ ಚೀಲದಲ್ಲಿ ಇಂಥ ಒಂದು ಅರ್ಜಿ ಇದ್ದೇ ಇರುತ್ತದೆ, ನಾಟಕದ್ದಲ್ಲದಿದ್ದರೆ ಸಂಗೀತದ್ದು.

ರಾಘವರ ಬದುಕು ಓದುತ್ತಾ ಹೋದಂತೆ ನಾನು ನನಗೇ ಹೇಳಿಕೊಂಡು ಬಂದಿದ್ದ ಒಂದು ಮಾತು ಸಡಿಲವಾಯಿತು. ‘ಕೆಲಸವೋ ನಾಟಕವೋ, ಒಂದನ್ನು ಆರಿಸಿಕೋ’ ಎಂಬ ಮಾತು. ಅವರು ಆರಿಸಲಿಲ್ಲ. ಆದರೆ ಅದನ್ನು ಬರೀ ಅವರ ದೊಡ್ಡತನ ಎನ್ನಲು ನಾನು ತಯಾರಿಲ್ಲ. ಕೋರ್ಟಿಗೆ ಬೇಸಿಗೆ ರಜೆ ಇತ್ತು, ದಸರಾ ರಜೆ ಇತ್ತು. ವಕೀಲ ತನ್ನ ಡೈರಿಗೆ ತಾನೇ ಯಜಮಾನ. ಊರಿಗೆ ರೈಲಿತ್ತು, ಊರಲ್ಲಿ ಸಭಾ ಇತ್ತು, ಸಂಜೆ ಆರಕ್ಕೆ ತಾಲೀಮಿಗೆ ಬರುವ ಇಪ್ಪತ್ತು ಜನ ಇದ್ದರು. ನಮ್ಮ ಕಾರ್ಖಾನೆಯಲ್ಲಿ ಮೂರು ಶಿಫ್ಟು. ವಾರಕ್ಕೊಮ್ಮೆ ಶಿಫ್ಟು ಬದಲಾಗುತ್ತದೆ. ಎ ಶಿಫ್ಟಿನವನಿಗೆ ಸಂಜೆ ಸಿಗುತ್ತದೆ, ಬಿ ಶಿಫ್ಟಿನವನಿಗೆ ಬೆಳಗ್ಗೆ, ಸಿ ಶಿಫ್ಟಿನವನಿಗೆ ನಿದ್ದೆಗೆಟ್ಟ ಮಧ್ಯಾಹ್ನ. ಐದು ಜನರನ್ನು ಒಂದೇ ಹೊತ್ತಿಗೆ ಒಂದೇ ಕೋಣೆಯಲ್ಲಿ ಕೂಡಿಸುವುದು ಎಂದರೆ ಜಾತಕ ಕೂಡಿಸಿದ ಹಾಗೆ. ಪ್ರತಿಭೆ ನಮ್ಮ ಕಾಲಕ್ಕೆ ಕಡಿಮೆಯಾಗಿಲ್ಲ, ಸಂಜೆ ಕಡಿಮೆಯಾಗಿದೆ.

ಉಳಿದ ಸಾಧನೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಅವು ಎಲ್ಲ ಕಡೆ ಸಿಗುತ್ತವೆ. 1927ರ ಸುಮಾರಿಗೆ ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ ಸುತ್ತಿ ಬಂದರು. ಬರ್ನಾರ್ಡ್ ಷಾ ಅವರನ್ನು ಕಂಡರು. ಗಾಂಧೀಜಿ ಅವರ ‘ದೀನಬಂಧು ಕಬೀರ್’ ನೋಡಿದ್ದರು. ಸಿನಿಮಾದಲ್ಲಿ ಮೂರು ಹೆಜ್ಜೆ ಇಟ್ಟರು: 1936ರ ‘ದ್ರೌಪದೀ ಮಾನಸಂರಕ್ಷಣಂ’, 1939ರ ‘ರೈತು ಬಿಡ್ಡ’, 1940ರ ‘ಚಂಡಿಕ’. ಇವುಗಳಲ್ಲಿ ‘ರೈತು ಬಿಡ್ಡ’ ಜಮೀನ್ದಾರರ ವಿರುದ್ಧ ರೈತನ ಪರ ನಿಂತ ಚಿತ್ರ, ಜಮೀನ್ದಾರರು ಅದನ್ನು ತಡೆಯಲು ಸಾಕಷ್ಟು ಓಡಾಡಿದರು. 1981ರಲ್ಲಿ ರಾಘವರ ಅಂಚೆಚೀಟಿ ಬಂತು. ಬಳ್ಳಾರಿ ಹತ್ತಿರದ ಜೋಳದರಾಶಿ ದೊಡ್ಡನಗೌಡರು, ಕನ್ನಡದ ದೊಡ್ಡ ನಟ ಮತ್ತು ಗಮಕಿ, ಅವರ ಗರಡಿಯ ಪ್ರಭಾವದಲ್ಲಿ ಬೆಳೆದವರು. ಮಾಸ್ಟಾರರ ಜೊತೆಗಿನ ಜಗಳದಲ್ಲಿ ಇದು ನನ್ನ ಕೊನೆಯ ಅಸ್ತ್ರ.

ಮಾಸ್ಟಾರರ ಬಳಿಯೂ ಅಸ್ತ್ರಗಳಿವೆ. ತೆಲುಗಿನ ‘ಕನ್ಯಾಶುಲ್ಕಂ’ ಬರೆದ ಗುರಜಾಡ ಅಪ್ಪಾರಾವ್ ಹುಟ್ಟಿದ್ದು 1862ರಲ್ಲಿ ಇಲ್ಲೇ ಯಲಮಂಚಿಲಿ ಪಕ್ಕದ ರಾಯವರಂನಲ್ಲಿ. ಆ ನಾಟಕ ಮೊದಲು ರಂಗಕ್ಕೆ ಬಂದದ್ದು 1892ರಲ್ಲಿ ವಿಜಯನಗರಂನಲ್ಲಿ. ನಮ್ಮ ವಿಜಯನಗರ ಅಲ್ಲ, ವಿಶಾಖಪಟ್ಟಣದ ಆಚೆಯದು. ಇಲ್ಲಿಗೆ ಬಂದ ಹೊಸತರಲ್ಲಿ ಬಸ್ಸಿನ ಬೋರ್ಡು ನೋಡಿ ಹಂಪಿ ಕಡೆಯ ಬಸ್ಸೇ ಎಂದು ಎದೆ ಝಲ್ಲೆಂದಿತ್ತು. ಅದೇ ನಾಟಕದ ರಾಮಪ್ಪ ಪಂತುಲು ಪಾತ್ರವನ್ನು ವರ್ಷಗಟ್ಟಲೆ ಆಡಿದವರು ಜೆ.ವಿ. ಸೋಮಯಾಜುಲು. ನಮಗೆಲ್ಲ ಅವರು 1980ರ ‘ಶಂಕರಾಭರಣಂ’ನ ಶಂಕರಶಾಸ್ತ್ರಿ. ಆದರೆ ಅವರು ಕಂದಾಯ ಇಲಾಖೆಯಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದವರು, ಹಗಲು ಜಮಾಬಂದಿ, ರಾತ್ರಿ ರಾಮಪ್ಪ ಪಂತುಲು. ‘ನಿಮಗೆ ಒಬ್ಬ ವಕೀಲ ಇದ್ದರೆ ನಮಗೆ ಒಬ್ಬ ಕಲೆಕ್ಟರ್’ ಎನ್ನುತ್ತಾರೆ ಮಾಸ್ಟಾರು.

ಹೀಗೆ ಜಗಳವಾಡುತ್ತಲೇ ಅವರು ನನ್ನನ್ನು ಬಲೆಗೆ ಹಾಕಿಕೊಂಡರು. ಆಂಧ್ರದಲ್ಲಿ ‘ಪರಿಷತ್ತು ನಾಟಕ’ ಎಂಬುದೊಂದು ಪದ್ಧತಿ ಇದೆ. ಊರೂರಲ್ಲಿ ಕಲಾಪರಿಷತ್ತುಗಳು ಸ್ಪರ್ಧೆ ಇಡುತ್ತವೆ, ತಂಡಗಳು ಒಂದು ಗಂಟೆಯ ನಾಟಿಕೆಯೊಂದನ್ನು ತಯಾರು ಮಾಡಿಕೊಂಡು ಊರಿಂದೂರಿಗೆ ಹೋಗುತ್ತವೆ. ನಟರಲ್ಲಿ ಬ್ಯಾಂಕಿನವರು, ಮೇಷ್ಟ್ರುಗಳು, ರೈಲ್ವೆಯವರೇ ಹೆಚ್ಚು. ಬೆಳಗಿನ ಜಾವ ಬಹುಮಾನ ಘೋಷಣೆ ಕೇಳಿ, ಅದೇ ನಿದ್ದೆಗಣ್ಣಲ್ಲಿ ಬಸ್ಸು ಹತ್ತಿ ಆಫೀಸಿಗೆ ಹೋಗುತ್ತಾರೆ. ವಿಜಯವಾಡದಲ್ಲಿ ತುಮ್ಮಲಪಲ್ಲಿ ಕಲಾಕ್ಷೇತ್ರದಲ್ಲಿ ಒಂದು ರಾತ್ರಿ ಕೂತು ಪದ್ಯನಾಟಕ ನೋಡಿದ್ದೇನೆ. ಅರವತ್ತು ದಾಟಿದ ಕೃಷ್ಣನೊಬ್ಬ ಕಿರೀಟ ಸರಿಮಾಡಿಕೊಂಡು ಪದ್ಯ ಎತ್ತಿದ. ಪಕ್ಕದ ಸೀಟಿನ ಆಟೋದವನು ಅವನಿಗಿಂತ ಅರ್ಧ ಸಾಲು ಮುಂದೆ ಹಾಡಿಕೊಳ್ಳುತ್ತಿದ್ದ. ಬಳ್ಳಾರಿಯ ಎರಡು ಸಭಾಗಳು ಸತ್ತಿಲ್ಲ, ಮನೆ ಬದಲಿಸಿವೆ ಅನ್ನಿಸಿತು.

ಮಾಸ್ಟಾರರ ತಂಡದ ಈ ವರ್ಷದ ನಾಟಿಕೆಯಲ್ಲಿ ಒಬ್ಬ ಮುದುಕ ರೈತನಿದ್ದಾನೆ. ಕಾರ್ಖಾನೆಗೆ ಭೂಮಿ ಹೋಗಿದೆ. ಮಗನಿಗೆ ಅದೇ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ಮುದುಕ ದಿನಾ ಗೇಟಿಗೆ ಬಂದು ತನ್ನ ಹೊಲದಲ್ಲಿದ್ದ ಬಾವಿ ಈಗ ಯಾವ ಕಟ್ಟಡದ ಕೆಳಗಿದೆ ಎಂದು ಕೇಳುತ್ತಾನೆ. ಅಚ್ಯುತಾಪುರಂ ಸುತ್ತ ಇದು ಕಟ್ಟುಕಥೆಯೇನಲ್ಲ, ಎಸ್‌ಇಝಡ್‌ಗೆ ಹೊಲ ಕೊಟ್ಟ ಊರಿನವರು ನಮ್ಮ ಬಸ್ಸಿನಲ್ಲೇ ಬರುತ್ತಾರೆ. ನನಗೆ ಕೊಟ್ಟದ್ದು ಗೇಟಿನ ಸೆಕ್ಯುರಿಟಿ ಸೂಪರ್‌ವೈಸರ್ ಪಾತ್ರ. ಹೊರಗಿನವನು, ರಾಯಲಸೀಮೆ ಕಡೆಯವನು. ಪಾತ್ರ ಯಾಕೆ ನನಗೆ ಬಂತು ಎಂಬುದು ಮೊದಲ ದಿನವೇ ಗೊತ್ತಾಯಿತು. ನಾನು ಬಾಯಿ ತೆರೆದ ಕೂಡಲೇ ಎಲ್ಲರೂ ನಕ್ಕರು.

ನನ್ನ ತೆಲುಗು ಬಳ್ಳಾರಿ ತೆಲುಗು. ಆದೋನಿಗೆ ಬಟ್ಟೆ ತರಲು ಹೋಗುವಾಗ ಕಲಿತದ್ದು, ಗಿರಣಿಯ ಹಮಾಲರ ಬಾಯಲ್ಲಿ ಕೇಳಿದ್ದು. ಬರುತ್ತಿದ್ದೇನೆ ಎನ್ನಲು ಇಲ್ಲಿಯವರು ‘ವಸ್ತುನ್ನಾನು’ ಎಂದರೆ ನಾನು ‘ವಸ್ತಾಂಡಾ’ ಎನ್ನುತ್ತೇನೆ. ಎಲ್ಲಿಗೆ ಎನ್ನುವುದಕ್ಕೆ ಅವರದು ‘ಎಕ್ಕಡಿಕಿ’, ನನ್ನದು ‘ಯಾಡಿಕಿ’. ತಮಾಷೆ ಎಂದರೆ ನಗುವ ಇವರ ‘ಏಟಿ’ ಕೇಳಿ ಗುಂಟೂರು, ವಿಜಯವಾಡದವರು ನಗುತ್ತಾರೆ. ಸಿನಿಮಾದಲ್ಲಿ ಈ ಎರಡೂ ಕಡೆಯವರಿಗೆ ಸಿಗುವುದು ಒಂದೋ ರೌಡಿಯ ಪಾತ್ರ, ಇಲ್ಲವೇ ಜೋಕರಿನದು. ಧಾರವಾಡದವರಿಗೂ ಮಂಗಳೂರಿನವರಿಗೂ ನಮ್ಮ ಕನ್ನಡ ಸಿನಿಮಾ ಮಾಡಿದ್ದು ಇದನ್ನೇ.

ಆ ನಗು ಮಾಸ್ಟಾರರಿಗೆ ಇಷ್ಟವಾಗಿದೆ. ‘ಜಡ್ಜಿಗಳಿಗೆ ಅಳು ಜಾಸ್ತಿಯಾದರೆ ಮಾರ್ಕು ಬೀಳಲ್ಲ, ನಿಮ್ಮಿಂದ ಸ್ವಲ್ಪ ಹಾಸ್ಯ ಬರಲಿ’ ಎನ್ನುತ್ತಾರೆ. ಇನ್ನೂ ನಾಲ್ಕು ‘ಯಾಡಿಕಿ’ ಸೇರಿಸಿದ್ದಾರೆ. ನನ್ನ ತಕರಾರು ಇರುವುದು ಕೊನೆಯ ದೃಶ್ಯದ ಬಗ್ಗೆ. ಅಲ್ಲಿ ಮುದುಕ ಒಳಗೆ ಬಿಡು ಎಂದು ಕೈ ಮುಗಿಯುತ್ತಾನೆ, ಸೂಪರ್‌ವೈಸರ್ ಬಿಡುವುದಿಲ್ಲ. ಅವನಿಗೂ ಎಲ್ಲೋ ಒಂದು ಊರಿದೆ, ಅಲ್ಲಿ ಮಳೆ ಇಲ್ಲದೆ ಹೊಲ ಬಿಟ್ಟು ಬಂದವನೇ ಅವನು. ಬಿಟ್ಟರೆ ಕೆಲಸ ಹೋಗುತ್ತದೆ. ಐವತ್ತು ನಿಮಿಷ ಅವನ ಮಾತಿಗೆ ನಕ್ಕವರು ಆ ‘ಇಲ್ಲ’ವನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ? ನಕ್ಕೇ ಕೇಳಿಸಿಕೊಳ್ಳುತ್ತಾರೆ.

ಇಲ್ಲಿಗೆ ಆ ಪಠಾ‌ಣ ಬೇಕಾದ. ಮಾಸ್ಟಾರರಿಗೆ ಹೇಳಿದೆ: ‘ರಾಘವಗಾರು ಪಠಾಣನನ್ನು ಮಾಡಿದಾಗ ಅವನ ಮಾತಿಗೆ ಜನರನ್ನು ನಗಿಸೋದು ಎಷ್ಟು ಸುಲಭ ಇತ್ತು ಹೇಳಿ. ಜೊತೆಗೆ ಅವರು ಆಡಿಕೊಂಡು ಬೆಳೆದದ್ದೂ ನಮ್ಮ ಕಡೆಯ ತೆಲುಗೇ. ಅದನ್ನು ಹೊತ್ತುಕೊಂಡೇ ನಿಮ್ಮ ಊರುಗಳಿಗೆ ಬಂದು ಆಡಿದರು.’ ಮಾಸ್ಟಾರು ಸುಮ್ಮನಾದರು. ಬಹಳ ಹೊತ್ತಾದ ಮೇಲೆ, ‘ಅವರು ರಾಘವಗಾರು ಕದಾ, ಬಾಬೂ’ ಎಂದರು. ಅದು ಸರಿಯಾದ ಉತ್ತರವೇ, ನನ್ನ ಬಳಿ ಮರುಮಾತಿರಲಿಲ್ಲ. ಆದರೆ ಮರುದಿನ ಸ್ಕ್ರಿಪ್ಟಿನಲ್ಲಿ ಎರಡು ‘ಯಾಡಿಕಿ’ ಹೊಡೆದು ಹಾಕಿದ್ದರು. ಎರಡು ಹಾಗೇ ಉಳಿದಿವೆ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. ‘ಪಟ್ಟಿ ಎಷ್ಟು ಕೊಟ್ಟಿ?’ ಎಂಬುದು ಅವಳ ಮೊದಲ ಪ್ರಶ್ನೆ. ಕೊಡಲಿಲ್ಲ ಎಂದೆ, ನಂಬಲಿಲ್ಲ. ‘ಅಲ್ಲಿ ಊಟ ಹಾಕ್ತಾರಾ?’ ಎಂಬುದು ಎರಡನೆಯದು. ಮಾಸ್ಟಾರರ ಮನೆಯವರು ತಾಲೀಮಿನ ದಿನ ಎಲ್ಲರಿಗೂ ಉಪ್ಪಿಟ್ಟು ಮಾಡುತ್ತಾರೆ ಎಂದ ಮೇಲೆ ಸ್ವಲ್ಪ ಸಮಾಧಾನವಾಯಿತು. ಮುದುಕ ರೈತನ ಸೊಸೆಯ ಪಾತ್ರಕ್ಕೆ ಅನಕಾಪಲ್ಲಿಯಿಂದ ಬರುವ ಹುಡುಗಿ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸದವಳು. ಎಲ್ಲರ ಜೊತೆ ಒಂದೇ ಜಮಖಾನೆಯ ಮೇಲೆ ಕೂತು ತಟ್ಟೆ ಹಿಡಿಯುತ್ತಾಳೆ, ಮುಗಿದ ಮೇಲೆ ಅವಳ ಅಣ್ಣ ಬೈಕಿನಲ್ಲಿ ಬಂದು ಕರೆದೊಯ್ಯುತ್ತಾನೆ. ಇದನ್ನೂ ಅವ್ವನಿಗೆ ಹೇಳಿದೆ.

ತಾಲೀಮು ಯಲಮಂಚಿಲಿಯ ಶಾಲೆಯೊಂದರ ವರಾಂಡದಲ್ಲಿ, ರಾತ್ರಿ ಎಂಟೂವರೆಗೆ. ಕೊನೆಯ ದೃಶ್ಯ ಇನ್ನೂ ಕೂತಿಲ್ಲ. ಒಂದು ದಿನ ನಗು ಬರುತ್ತದೆ, ಇನ್ನೊಂದು ದಿನ ಬರುವುದಿಲ್ಲ. ಬರದ ದಿನ ಮುದುಕನ ಪಾತ್ರದವರು ನನ್ನ ಮುಖ ನೋಡಿ ತಮ್ಮ ಮಾತನ್ನು ಒಂದು ಗಳಿಗೆ ತಡೆದು ಹೇಳುತ್ತಾರೆ. ಮುಂದಿನ ವಾರ ನನ್ನದು ಬಿ ಶಿಫ್ಟು. ಈ ತಿಂಗಳು ಈಗಾಗಲೇ ಮೂರು ಸಲ ಗೆಳೆಯನೊಬ್ಬನ ಜೊತೆ ಶಿಫ್ಟು ಬದಲಿಸಿಕೊಂಡಿದ್ದೇನೆ, ಒಡಿಶಾದ ಬೆರ್ಹಾಂಪುರದವನು. ನಾಲ್ಕನೆಯ ಸಲ ಕೇಳಿದಾಗ ಅವನು ಒಂದು ಷರತ್ತು ಹಾಕಿದ: ನಾಟಕದ ದಿನ ತನ್ನನ್ನೂ ಕರೆದುಕೊಂಡು ಹೋಗಬೇಕು, ತೆಲುಗು ಬರದಿದ್ದರೂ ಪರವಾಗಿಲ್ಲವಂತೆ.